ನಿಲ್ಲಿಸಿಟ್ಟ ವಿಂಡೋಸ್ ಅಪ್‌ಡೇಟ್‌ಗಳನ್ನು ಒಂದೊಂದಾಗಿ ಹುಡುಕಿ ಹಾಕಬೇಕೇ?

ಕೆಲಸದ ನಡುವೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗಿ ಅರ್ಧ ದಿನದ ಬರಹ ಹೋಯಿತು, ಆ ಸಿಟ್ಟಿಗೆ ವಿಂಡೋಸ್ 11ರ ಅಪ್‌ಡೇಟ್ ಸೇವೆಯನ್ನೇ ಬಂದ್ ಮಾಡಿ ಆರು ತಿಂಗಳಾಯಿತು ಎಂದಿದ್ದೀರಿ. ತಪ್ಪಿಹೋದವನ್ನೆಲ್ಲ ಎಲ್ಲಿಂದ, ಯಾವ ಕ್ರಮದಲ್ಲಿ ತಂದು ಹಾಕಬೇಕು, ಡ್ರೈವರ್‌ಗಳನ್ನು (ಪರದೆ, ಕೀಬೋರ್ಡ್‌ನಂಥ ಭಾಗಗಳನ್ನು ನಡೆಸುವ ಚಿಕ್ಕ ತಂತ್ರಾಂಶಗಳನ್ನು) ಹುಡುಕಿಕೊಡುವ ತಂತ್ರಾಂಶವನ್ನು ಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಕೊಳ್ಳಬೇಡಿ. ಉಳಿದದ್ದು ನೀವು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ.

ವಿಂಡೋಸ್‌ನ ತಿಂಗಳ ಅಪ್‌ಡೇಟ್‌ಗಳು ಹಿಂದಿನದನ್ನೂ ಹೊತ್ತುಕೊಂಡೇ ಬರುತ್ತವೆ. ಜೂನ್ ತಿಂಗಳದ್ದರಲ್ಲಿ ಮೇ ತಿಂಗಳದ್ದೂ ಇರುತ್ತದೆ, ಏಪ್ರಿಲ್‌ನದ್ದೂ ಇರುತ್ತದೆ. ಆರು ತಿಂಗಳು ಬಿಟ್ಟವರು ಆರನ್ನು ಹುಡುಕಬೇಕಿಲ್ಲ. ಇತ್ತೀಚಿನದೊಂದನ್ನು ಹಾಕಿಕೊಂಡರೆ ಬಾಕಿಯೆಲ್ಲ ತೀರುತ್ತದೆ. ವಿಂಡೋಸ್ 7ರ ಕಾಲದಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಮೇಲೆ ಚಿಕ್ಕಪುಟ್ಟ ಪ್ಯಾಚ್‌ಗಳು, ಅಂದರೆ ದೋಷ ಮುಚ್ಚುವ ತೇಪೆಗಳು, ಸಾಲುಗಟ್ಟಿ ಬರುತ್ತಿದ್ದವು, ರಾತ್ರಿಯೆಲ್ಲ ರೀಸ್ಟಾರ್ಟ್‌ಗಳಲ್ಲೇ ಕಳೆಯುತ್ತಿತ್ತು. ನಿಮ್ಮ ಭಯ ಆ ಕಾಲದ್ದಿರಬೇಕು.

ಮೊದಲು ನೀವೀಗ ಎಲ್ಲಿ ನಿಂತಿದ್ದೀರಿ ಎಂದು ನೋಡಿಕೊಳ್ಳಿ. ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಚಿಕ್ಕ ಪೆಟ್ಟಿಗೆಯಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಅಕ್ಷರಗಳನ್ನು ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. 24ಎಚ್2 ಎಂಬಂಥ ಆವೃತ್ತಿಯ ಹೆಸರು, ಪಕ್ಕದಲ್ಲಿ ಬಿಲ್ಡ್ 26100, ಒಂದು ಚುಕ್ಕೆ, ಆಮೇಲೆ ಇನ್ನೊಂದು ಸಂಖ್ಯೆ ಕಾಣುತ್ತವೆ. ಚುಕ್ಕೆಯ ಎಡಕ್ಕಿರುವುದು ಆವೃತ್ತಿಯ ಗುರುತು, ಅದು ತಿಂಗಳ ಅಪ್‌ಡೇಟ್‌ಗೆ ಕದಲುವುದಿಲ್ಲ. ಚುಕ್ಕೆಯ ಬಲಕ್ಕಿರುವುದು ಪ್ರತಿ ತಿಂಗಳೂ ಏರುತ್ತದೆ. ಯಾವ ಸಂಖ್ಯೆ ಯಾವ ದಿನಾಂಕದ್ದು, ಅದರ ಕೆಬಿ ಸಂಖ್ಯೆ ಏನು ಎಂಬ ಪಟ್ಟಿಯನ್ನು ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲಿ ಆವೃತ್ತಿವಾರು ಪ್ರಕಟಿಸುತ್ತದೆ. ಈ ಕೆಬಿ ಸಂಖ್ಯೆ ಅಪ್‌ಡೇಟ್‌ನ ಮನೆ ನಂಬರ್ ಇದ್ದ ಹಾಗೆ. ಯಾರಾದರೂ ‘ಈ ಸಲದ ಅಪ್‌ಡೇಟ್ ಹಾಕಲೇಬೇಡಿ’ ಎಂದರೆ ‘ಯಾವ ಕೆಬಿ?’ ಎಂದು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ಅಲ್ಲಿಗೇ ಸುಮ್ಮನಾಗುತ್ತಾರೆ.

ಈಗ ಕೆಲಸ. ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ಸರ್ವಿಸಸ್ ಎಂಬ, ಹಿನ್ನೆಲೆಯಲ್ಲಿ ನಡೆಯುವ ಸೇವೆಗಳ ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಸಾಲನ್ನು ತೆರೆದು, ‘ಡಿಸೇಬಲ್ಡ್’ ಎಂದಿರುವುದನ್ನು ‘ಮ್ಯಾನ್ಯುಯಲ್’ಗೆ ಬದಲಿಸಿ. ಅದರ ಮೂಲ ಸ್ಥಿತಿಯೇ ಅದು, ‘ಆಟೊಮ್ಯಾಟಿಕ್’ ಮಾಡಬೇಕಿಲ್ಲ. ಬಳಿಕ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಹುಡುಕಲು ಹೇಳಿ. ವಿಂಡೋಸ್ 11ರ ಹೋಮ್ ಮತ್ತು ಪ್ರೊ ಎಂಬ ಎರಡು ಬಗೆಗಳಿಗೂ ಒಂದೊಂದು ಆವೃತ್ತಿಗೆ 24 ತಿಂಗಳ ಬೆಂಬಲವಷ್ಟೇ ಇರುವುದು. 23ಎಚ್2 ಆವೃತ್ತಿಯದು 2025ರ ನವೆಂಬರ್ 11ಕ್ಕೆ ಮುಗಿದುಹೋಗಿದೆ. ನೀವು ಅದರಲ್ಲೇ ಇದ್ದರೆ ತಿಂಗಳ ಅಪ್‌ಡೇಟ್ ಸಾಲದು, ಮುಂದಿನ ಆವೃತ್ತಿಗೇ ಏರಬೇಕು.

ಆರು ತಿಂಗಳು ಏನೂ ಆಗಲಿಲ್ಲವಲ್ಲ ಎಂದೂ ಬರೆದಿದ್ದೀರಿ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಭದ್ರತಾ ಪ್ಯಾಚ್ ಬಿಡುಗಡೆ ಮಾಡಿತು. ಅದು ಮುಚ್ಚಿದ ಬಿರುಕಿನೊಳಗಿಂದಲೇ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ಮೇ 12ರಂದು. ನಡುವೆ 59 ದಿನ. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಗಿ ಬಂದದ್ದು, ಎರಡು ತಿಂಗಳ ಹಿಂದೆಯೇ ಮದ್ದು ಸಿದ್ಧವಿದ್ದ ಕಾಯಿಲೆಗೆ. ಪ್ಯಾಚ್ ಹೊರಬಂದ ದಿನವೇ ಬಿರುಕು ಎಲ್ಲಿತ್ತು ಎಂಬುದು ಕಳ್ಳರಿಗೂ ತಿಳಿಯುತ್ತದೆ. ಹಾಕಿಕೊಳ್ಳದವರ ಯಂತ್ರ ಅಂದಿನಿಂದ ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ.

ಹಾಗೆಂದು ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಹಾಕಿಕೊಳ್ಳಿ ಎನ್ನುವವನು ನಾನಲ್ಲ. ವಿಂಡೋಸ್ 10ರ 2018ರ ಅಕ್ಟೋಬರ್ ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಕಡತಗಳನ್ನೇ ಅಳಿಸಿಹಾಕಿತ್ತು. ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡು, ಸರಿಪಡಿಸಿ, ನವೆಂಬರ್ 13ಕ್ಕೆ ಮತ್ತೆ ಬಿಡುಗಡೆ ಮಾಡಿದರು. ಮೊದಲ ವಾರ ಕಾದವರಿಗೆ ಏನೂ ಆಗಲಿಲ್ಲ. ಇದು ಈಗ ವರ್ಷಕ್ಕೊಮ್ಮೆ ಬರುವಂಥ ದೊಡ್ಡ ಆವೃತ್ತಿಯ ಕಥೆ ಎಂಬುದನ್ನು ಗಮನಿಸಿ. ನಾನಂತೂ ಅಂಥದ್ದಕ್ಕೆ ಒಂದೆರಡು ತಿಂಗಳು ಕಾಯುತ್ತೇನೆ. ತಿಂಗಳ ಭದ್ರತಾ ಅಪ್‌ಡೇಟ್ ಬರುವುದು ಎರಡನೆಯ ಮಂಗಳವಾರ, 2003ರಿಂದ ಇದೇ ರೂಢಿ. ಅದಕ್ಕೆ ನಾಲ್ಕೈದು ದಿನ ಕೊಡುತ್ತೇನೆ, ಆ ವಾರಾಂತ್ಯಕ್ಕೆ ಹಾಕಿಬಿಡುತ್ತೇನೆ. ತಿಂಗಳ ಕೊನೆಯ ಹೊತ್ತಿಗೆ ‘ಪ್ರಿವ್ಯೂ’ ಎಂಬ ಹೆಸರಿನಲ್ಲಿ ಬರುವುದನ್ನು ಮುಟ್ಟುವುದಿಲ್ಲ. ಅದರಲ್ಲಿರುವುದು ಮುಂದಿನ ತಿಂಗಳು ಹೇಗೂ ಬರುತ್ತದೆ, ಪರೀಕ್ಷೆಗೆ ನನ್ನ ಯಂತ್ರವೇ ಯಾಕೆ?

ಡ್ರೈವರ್‌ಗಳ ವಿಷಯದಲ್ಲಿ ನನ್ನ ಕೈ ಒಮ್ಮೆ ಸುಟ್ಟಿದೆ. ಮರುದಿನ ಒಂದು ವರದಿ ಒಪ್ಪಿಸಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಬರೆಯಲು ಬೇಸರವಾಗಿ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿನ ಆಪ್ಷನಲ್ ಅಪ್‌ಡೇಟ್ಸ್ ಪಟ್ಟಿ ತೆರೆದು, ಸುಮ್ಮನೆ ಇದ್ದ ಎಲ್ಲ ಚೌಕಗಳಿಗೂ ಗುರುತು ಹಾಕಿದೆ. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಫ್ಯಾನ್ ತಿರುಗುತ್ತಿತ್ತು, ಕೀಬೋರ್ಡ್ ದೀಪ ಉರಿಯುತ್ತಿತ್ತು, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಸೇಫ್ ಮೋಡ್‌ಗೆ ಹೋಗಿ, ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಪ್ಲೇ ಡ್ರೈವರ್ ಅನ್ನು ಹಳೆಯದಕ್ಕೆ ಹಿಂದಿರುಗಿಸುವ ಹೊತ್ತಿಗೆ ಬೆಳಗಿನ ಮೂರು ಗಂಟೆ. ನನ್ನ ಪರದೆಗೆ ಅದಕ್ಕೂ ಮುಂಚೆ ಯಾವ ತೊಂದರೆಯೂ ಇರಲಿಲ್ಲ! ಅಂದಿನಿಂದ ಡ್ರೈವರ್ ಬದಲಿಸಬೇಕೆಂದರೆ ಏನಾದರೊಂದು ಕೆಟ್ಟಿರಬೇಕು, ಕೆಟ್ಟಿದ್ದರೆ ಅದೊಂದನ್ನೇ ಯಂತ್ರ ತಯಾರಿಸಿದವರ ತಾಣದಿಂದ ತರಬೇಕು. ನೀವು ಕೊಳ್ಳಲು ಹೊರಟಿರುವ ತಂತ್ರಾಂಶ ಮಾಡುವುದು ನಾನು ಆ ರಾತ್ರಿ ಮಾಡಿದ್ದನ್ನೇ, ದುಡ್ಡು ತೆಗೆದುಕೊಂಡು.

ನಿಮ್ಮ ಮೂಲ ಸಿಟ್ಟು ರೀಸ್ಟಾರ್ಟ್ ಮೇಲೆ, ಅದಕ್ಕೆ ಸೇವೆಯನ್ನೇ ಕೊಲ್ಲುವ ಅಗತ್ಯವಿರಲಿಲ್ಲ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಆ್ಯಕ್ಟಿವ್ ಅವರ್ಸ್ ಎಂಬುದಿದೆ. ಅಲ್ಲಿ 18 ಗಂಟೆಗಳವರೆಗಿನ ಅವಧಿಯನ್ನು ನೀವೇ ನಮೂದಿಸಬಹುದು, ಆ ಹೊತ್ತಿನಲ್ಲಿ ಅಪ್‌ಡೇಟ್‌ಗಾಗಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ರೀಸ್ಟಾರ್ಟ್ ಬಾಕಿಯಿದ್ದಾಗ ತಿಳಿಸು ಎಂಬ ಗುಂಡಿಯನ್ನೂ ಅಲ್ಲೇ ಆನ್ ಮಾಡಿ. ಹೊಸ ಅಪ್‌ಡೇಟ್ ಸಿಕ್ಕ ಕೂಡಲೇ ಕೊಡು ಎಂಬ ಇನ್ನೊಂದು ಗುಂಡಿ ಮುಖ್ಯ ಪುಟದಲ್ಲಿದೆ, ಅದು ಆಫ್ ಆಗಿಯೇ ಇರಲಿ. ಪರೀಕ್ಷೆ, ಪ್ರಯಾಣ, ಗಡುವು ಏನಾದರೂ ಎದುರಿಗಿದ್ದರೆ ಐದು ವಾರಗಳವರೆಗೆ ತಡೆಹಿಡಿಯುವ ಸೌಲಭ್ಯವಂತೂ ಇದ್ದೇ ಇದೆ.

ಹಾಕಿದ ಮೇಲೆ ಏನಾದರೂ ಕೆಟ್ಟರೆ ಅಪ್‌ಡೇಟ್ ಹಿಸ್ಟರಿಯ ಕೆಳಭಾಗದಲ್ಲಿ ಅನ್‌ಇನ್‌ಸ್ಟಾಲ್ ಇದೆ. ಪೂರ್ತಿ ಆವೃತ್ತಿಯನ್ನೇ ಬದಲಿಸಿದ್ದರೆ ರಿಕವರಿಯಲ್ಲಿ ‘ಗೋ ಬ್ಯಾಕ್’ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಹತ್ತು ದಿನ ಮಾತ್ರ. ಜಾಗ ಉಳಿಸಲು ಹಳೆಯ ಆವೃತ್ತಿಯನ್ನು ಕಾದಿಟ್ಟಿರುವ ‘ವಿಂಡೋಸ್.ಓಲ್ಡ್’ ಫೋಲ್ಡರ್ ಅಳಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಡೌನ್‌ಲೋಡ್ ಮತ್ತೆ ಮತ್ತೆ ವಿಫಲವಾದರೆ ಮೊದಲು ಸಿ ಡ್ರೈವ್‌ನಲ್ಲಿ ಜಾಗವಿದೆಯೇ ನೋಡಿ, ಬಹುಪಾಲು ರೋಗ ಅಲ್ಲೇ ಇರುತ್ತದೆ. ಜಾಗವಿದ್ದೂ ಆಗದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಕೆಬಿ ಸಂಖ್ಯೆ ಕೊಟ್ಟು ಹುಡುಕಿ, ನಿಮ್ಮ ಪ್ರೊಸೆಸರ್‌ಗೆ ಹೊಂದುವ ಕಡತವನ್ನು ಇಳಿಸಿಕೊಂಡು ಕೈಯಾರೆ ಹಾಕಬಹುದು. 24ಎಚ್2ರಿಂದ ಈಚೆಗೆ ಅಲ್ಲಿ ಕೆಲವೊಮ್ಮೆ ಎರಡು ಕಡತಗಳು ಕಾಣುತ್ತವೆ. ಎರಡನ್ನೂ ಒಂದೇ ಫೋಲ್ಡರ್‌ಗೆ ಇಳಿಸಿಕೊಂಡು ಹೊಸದನ್ನು, ಅಂದರೆ ನೀವು ಹುಡುಕಿದ ಕೆಬಿ ಸಂಖ್ಯೆ ಇರುವುದನ್ನು, ತೆರೆಯಿರಿ.

ಚಾರ್ಜರ್ ಸಿಕ್ಕಿಸಿಟ್ಟು ಕುಳಿತುಕೊಳ್ಳಿ. ಶೇಕಡಾ 30ರ ಆಸುಪಾಸಿನಲ್ಲಿ ಸಂಖ್ಯೆ ಬಹಳ ಹೊತ್ತು ನಿಂತುಬಿಟ್ಟರೂ ಪವರ್ ಗುಂಡಿ ಒತ್ತಬೇಡಿ, ಒಳಗೆ ಕೆಲಸ ನಡೆಯುತ್ತಿರುತ್ತದೆ. ಕೈಯಾರೆ ಹಾಕಿದರೂ ಆಗದಿದ್ದರೆ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸೊನ್ನೆ ಮತ್ತು ಎಕ್ಸ್‌ನಿಂದ ಶುರುವಾಗುವ ದೋಷಸಂಖ್ಯೆ ಕಾಣುತ್ತದೆ. ಅದನ್ನೂ ನಿಮ್ಮ ಬಿಲ್ಡ್ ಸಂಖ್ಯೆಯನ್ನೂ ಇಲ್ಲೇ ಬರೆಯಿರಿ, ನೋಡೋಣ.