ಹಳೇ ಟವರ್ ಡಿಫೆನ್ಸ್ ಆಟಗಳು ಯಾಕೆ ಬಿಡೋಲ್ಲ ಅಂದ್ರೆ

ಟವರ್ ಡಿಫೆನ್ಸ್ ಅಂದ್ರೆ ನುಗ್ಗಿ ಬರೋ ಶತ್ರುಗಳನ್ನ ಗೋಪುರನೋ ಗಿಡನೋ ಇಟ್ಟು ತಡೆಯೋ ವಿಡಿಯೋ ಗೇಮ್. ಇಷ್ಟೊಂದು ದೊಡ್ಡ ಆಟಗಳಿದ್ರೂ 2009ರ ಪ್ಲಾಂಟ್ಸ್ ವರ್ಸಸ್ ಜೋಂಬೀಸ್‌ಗೇ ಯಾಕೆ ವಾಪಸ್ ಬರ್ತೀವಿ? ನನ್ನ ಪ್ರಕಾರ ಉತ್ತರ ಅದರ ಸೂರ್ಯಕಾಂತಿಯಲ್ಲೇ ಇದೆ. ಆ ಗಿಡ ನೆಡೋಕೆ 50 ಬಿಸಿಲು ಖರ್ಚು (ಆ ಆಟದಲ್ಲಿ ಬಿಸಿಲೇ ದುಡ್ಡು), ಆಮೇಲೆ ಅದು ಆಗಾಗ 25 ಕೊಡ್ತಾ ಹೋಗುತ್ತೆ. ಬಟಾಣಿ ಹೊಡೆಯೋ ಗಿಡಕ್ಕೆ 100. ದುಡಿಮೆಗೆ ಹಾಕೋದಾ, ಕಾವಲಿಗೆ ಹಾಕೋದಾ? ಮೊದಲ ಜೋಂಬಿ ಬರೋದ್ರೊಳಗೆ ತೀರ್ಮಾನ ಆಗಬೇಕು. ಈ ಲೆಕ್ಕ ನನಗೆ ಇವತ್ತಿಗೂ ಬೇಸರ ತಂದಿಲ್ಲ.

ನನಗೆ ಇನ್ನೂ ಹೆಚ್ಚು ಇಷ್ಟ 2007ರ ಡೆಸ್ಕ್‌ಟಾಪ್ ಟವರ್ ಡಿಫೆನ್ಸ್. ಅಲ್ಲಿ ಶತ್ರುಗಳಿಗೆ ಮೊದಲೇ ಹಾಕಿಟ್ಟ ದಾರಿಯೇ ಇರಲ್ಲ, ನೀವು ಇಡೋ ಗೋಪುರಗಳೇ ಗೋಡೆ. ಪೂರ್ತಿ ಅಡ್ಡ ಹಾಕೋಕೆ ಬಿಡಲ್ಲ, ಸುತ್ತಿಸಬಹುದು ಅಷ್ಟೇ. ನಮ್ಮೂರು ಮಂಡ್ಯ ಪಕ್ಕ. ನಾಲೆ ನೀರು ಬಿಟ್ಟ ರಾತ್ರಿ ಅಪ್ಪನ ಜೊತೆ ಟಾರ್ಚ್ ಹಿಡ್ಕೊಂಡು ಕಬ್ಬಿಗೆ ನೀರು ಕಟ್ಟೋಕೆ ಹೋಗ್ತಿದ್ದೆ. ನೀರನ್ನ ತಡೆದು ನಿಲ್ಲಿಸಿದ್ರೆ ಬದು ಒಡೆಯುತ್ತೆ. ಇಲ್ಲಿ ಒಂದು ಗುದ್ದಲಿ ಮಣ್ಣು, ಅಲ್ಲಿ ಒಂದು ಸಂದು ಅಂತ ಸಾಲು ಸಾಲಾಗಿ ತಿರುಗಿಸಬೇಕು. ಆ ಆಟ ಮೊದಲ ಸಲ ಆಡಿದಾಗ ಕೈಗೆ ಅದೇ ಕೆಲಸ ಸಿಕ್ಕ ಹಾಗಾಯ್ತು.

ಸೋತಾಗಲೂ ಎಲ್ಲಿ ಸೋರಿತು ಅಂತ ಕಣ್ಣಿಗೇ ಕಾಣುತ್ತೆ, ಅದಕ್ಕೇ ಇನ್ನೊಂದು ಸಲ ಅನ್ಸೋದು.

2011ರ ಕಿಂಗ್‌ಡಮ್ ರಶ್ ಆಡಿಲ್ಲ ಅಂದ್ರೆ ಆಡಿ ನೋಡಿ. ದಾರಿ ಅಲ್ಲಿ ಮೊದಲೇ ಗೊತ್ತು, ಆದ್ರೆ ಸೈನಿಕರನ್ನ ನಿಲ್ಲಿಸಿ ಶತ್ರುಗಳನ್ನ ತಡೆಹಿಡೀಬಹುದು. ಸೈನಿಕರನ್ನ ತಿರುವಿನ ಹತ್ತಿರ, ಗೋಪುರದ ಬಾಣ ತಲುಪೋ ದೂರದೊಳಗೆ ನಿಲ್ಲಿಸಿ.