ಕೆಸುವಿನ ಎಲೆಗೆ ಚಿನ್ನ ಬೇಡ

ಪ್ರಶ್ನೆ: ಅಕ್ಕಾ, ನಮಸ್ಕಾರ. ಮೊನ್ನೆ ಕರಕಲಿಗೆಂದು ಕೆಸುವಿನ ಸೊಪ್ಪು ಕೊಯ್ಯುತ್ತಿದ್ದೆ. ಮಳೆಹನಿ ಎಲೆ ಮೇಲೆ ಮುತ್ತಿನ ಹಾಗೆ ಉರುಳುತ್ತಿತ್ತು. ಎಲೆ ಮೇಲಿನ ಮೇಣದ ಸಣ್ಣ ಹರಳುಗಳೇ ಅದಕ್ಕೆ ಕಾರಣ, ಹೀಲಿಯಂ ಮೈಕ್ರೋಸ್ಕೋಪಿನಲ್ಲಿ ಅವು ಚೆನ್ನಾಗಿ ಕಾಣುತ್ತವೆ ಎಂದು ಎಂ.ಎಸ್ಸಿ. ಓದುವ ಮಗಳು ಹೇಳುತ್ತಾಳೆ. ಹೀಲಿಯಂ ಎಂದರೆ ಜಾತ್ರೆಯ ಬಲೂನಿಗೆ ತುಂಬುವ ಗ್ಯಾಸ್ ಅಲ್ವಾ? ಗ್ಯಾಸಿನಿಂದ ಫೋಟೋ ತೆಗೆಯುವುದು ಹೇಗೆ?
— ಒಬ್ಬ ಗೃಹಿಣಿ, ಶಿರಸಿ ತಾಲೂಕು

ಉತ್ತರ: ಅದೇ ಗ್ಯಾಸ್. ಮಗಳು ಹೇಳಿದ್ದೂ ಸರಿ. ಆದರೆ ನಿಮ್ಮ ಪತ್ರ ಓದಿ ನನಗೆ ಹಳೆಯದೊಂದು ಪೆಟ್ಟು ನೆನಪಾಯಿತು.

ಹಿಂದೆ ಒಂದು ಲ್ಯಾಬಿನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸುವ ಕೆಲಸ ನನ್ನದು. ಬೆಳಕಿನ ಬದಲು ಎಲೆಕ್ಟ್ರಾನ್ ಧಾರೆಯಿಂದ ಚಿತ್ರ ತೆಗೆಯುವ ಯಂತ್ರ ಅದು. ಒಂದು ಮಳೆಗಾಲ ಊರಿಂದ ಹೊರಡುವಾಗ ಬಾವಿಕಟ್ಟೆ ಪಕ್ಕದ ಕೆಸುವಿನ ಎಲೆಯೊಂದನ್ನು ತಿಂಡಿ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಸುಮ್ನೆ, ಕುತೂಹಲಕ್ಕೆ. ಮೊದಲು ಎಲೆಯ ಚೂರನ್ನು ಹಾಗೇ ಇಟ್ಟೆ. ಮೇಣದಲ್ಲಿ ಕರೆಂಟ್ ಹರಿಯುವುದಿಲ್ಲ. ಬಿದ್ದ ಎಲೆಕ್ಟ್ರಾನುಗಳು ಅಲ್ಲೇ ಕೂತುಬಿಟ್ಟವು. ಚಿತ್ರ ಬೆಳ್ಳಗಾಗಿ, ಜಾರಿ ಜಾರಿ ಹೋಯಿತು. ಎರಡನೇ ಸಲ, ಕರೆಂಟ್ ಹರಿಯಲೆಂದು, ಎಲ್ಲರೂ ಮಾಡುವ ಹಾಗೆ ಸುಮಾರು 10 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ದಪ್ಪ ಚಿನ್ನದ ಲೇಪ ಕೊಟ್ಟೆ. ಚಂದದ ಚಿತ್ರ ಬಂತು. ಗೋಡೆಗೂ ಅಂಟಿಸಿದೆ. ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿ, "ಈ ಸಣ್ಣ ಕಾಳು ಮೇಣದ್ದೋ, ನಿನ್ನ ಚಿನ್ನದ್ದೋ?" ಅಂದರು. ಚಿನ್ನದ್ದೇ. ಚಿತ್ರ ಕಿತ್ತು ಡ್ರಾಯರಿಗೆ ಹಾಕಿದೆ.

ಹೀಲಿಯಂ ಯಂತ್ರದಲ್ಲಿ ಈ ಪಜೀತಿ ಇಲ್ಲ. ಅದರೊಳಗೆ ಟಂಗ್‌ಸ್ಟನ್ನಿನ ಒಂದು ಸೂಜಿ. ಅದನ್ನು ಎಷ್ಟು ಚೂಪು ಮಾಡುತ್ತಾರೆಂದರೆ ತುದಿಯಲ್ಲಿ ಮೂರೇ ಮೂರು ಪರಮಾಣು ಉಳಿಯುತ್ತವೆ. ಸೂಜಿಯನ್ನು ಮೈನಸ್ 190 ಡಿಗ್ರಿಯ ಆಸುಪಾಸು ತಂಪಾಗಿಟ್ಟು, ಸುತ್ತ ಚೂರು ಹೀಲಿಯಂ ಬಿಟ್ಟು, ಜೋರು ವೋಲ್ಟೇಜ್ ಕೊಡುತ್ತಾರೆ. ತುದಿಗೆ ಬಂದ ಹೀಲಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ ಆಗಿ ಹಾರುತ್ತದೆ. ಮೂರರಲ್ಲಿ ಒಂದೇ ಪರಮಾಣುವಿನಿಂದ ಹೊರಟ ಧಾರೆಯನ್ನು ಆರಿಸಿ, ಎಲೆ ಮೇಲೆ ಸಾಲುಸಾಲಾಗಿ ಆಡಿಸುತ್ತಾರೆ. ಅದು ಬಿದ್ದಲ್ಲಿಂದ ಚಿಮ್ಮುವ ಎಲೆಕ್ಟ್ರಾನುಗಳನ್ನು ಎಣಿಸಿದರೆ ಚಿತ್ರ. ಇದೇ ಸೂಜಿ ತಂತ್ರದಿಂದ 1955ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎರ್ವಿನ್ ಮುಲ್ಲರ್ ಮತ್ತು ಅವರ ವಿದ್ಯಾರ್ಥಿ ಕನ್ವರ್ ಬಹಾದೂರ್ ಬಿಡಿ ಪರಮಾಣುಗಳನ್ನು ಕಂಡಿದ್ದರು. ಬಹಾದೂರ್ ನಮ್ಮ ದೇಶದವರು. ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ಅವರ ಹೆಸರು ಇರಲಿಲ್ಲ, ಬಿಡಿ.

ಹೀಲಿಯಂ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 7,300 ಪಟ್ಟು ಭಾರ. ಗದ್ದೆ ಕೆಸರಿಗೆ ಎಸೆದ ಕಲ್ಲಿನ ಹಾಗೆ ನೆಟ್ಟಗೆ ಇಳಿಯುತ್ತದೆ. ಎಲೆಕ್ಟ್ರಾನಾದರೆ ಚೆಲ್ಲಿದ ಸಾಸಿವೆಯ ಹಾಗೆ ಒಳಗೇ ಹರಡಿ, ಅಕ್ಕಪಕ್ಕದ ಸುದ್ದಿಯನ್ನೂ ಬೆರೆಸಿಬಿಡುತ್ತದೆ. ಹಾಗಾಗಿ ಇಲ್ಲಿ ಅರ್ಧ ನ್ಯಾನೊಮೀಟರ್‌ನಷ್ಟು ಸಣ್ಣದೂ ಬೇರೆಯಾಗಿ ಕಾಣುತ್ತದೆ. ಆದರೆ ನನಗೆ ಹೊಟ್ಟೆಕಿಚ್ಚು ಅದಕ್ಕಲ್ಲ. ಹೀಲಿಯಂ ಬಿದ್ದು ಎಲೆಗೆ ಪಾಸಿಟಿವ್ ಚಾರ್ಜ್ ಏರುತ್ತದೆ. ಪಕ್ಕದ ಇನ್ನೊಂದು ಗನ್ನಿನಿಂದ ಆಗಾಗ ಎಲೆಕ್ಟ್ರಾನ್ ಚಿಮುಕಿಸಿದರೆ ಲೆಕ್ಕ ಚುಕ್ತಾ. ಚಿನ್ನ ಬೇಡವೇ ಬೇಡ. ಮೇಣ ಮೇಣವಾಗಿಯೇ ಕಾಣುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನವರು ಚಿಟ್ಟೆ ರೆಕ್ಕೆಯ ಹುರುಪೆಗಳನ್ನು ಹೀಗೆ ಲೇಪವಿಲ್ಲದೆ ನೋಡಿದ್ದಾರೆ.

ದೋಷ ಇಲ್ಲ ಅಂತಲ್ಲ. ಒಂದೇ ಜಾಗವನ್ನು ಜಾಸ್ತಿ ಹೊತ್ತು ನೋಡಿದರೆ ಒಳಗೆ ಹೀಲಿಯಂ ಗುಳ್ಳೆ ಕಟ್ಟಿ ಉಬ್ಬುತ್ತದೆ. ಒಂದು ಪರಮಾಣು ದಪ್ಪದ ಗ್ರಾಫೀನ್ ಹಾಳೆಯಾದರೆ ತೂತೇ ಬೀಳುತ್ತದೆ. ಅದನ್ನೇ ಚಾಕು ಮಾಡಿಕೊಂಡು 10 ನ್ಯಾನೊಮೀಟರ್‌ಗಿಂತ ಸಪೂರ ಗ್ರಾಫೀನ್ ಪಟ್ಟಿ ಕೊಯ್ದವರೂ ಇದ್ದಾರೆ.

ಮಗಳಿಗೆ ಒಂದು ಮಾತು: ಎಲೆಯನ್ನು ಆಲ್ಕೋಹಾಲ್, ಅಸಿಟೋನಿನಲ್ಲಿ ತೊಳೆಯಬೇಡ, ಮೇಣ ಹೋಗುತ್ತದೆ. ಬೆರಳೂ ತಾಗಿಸಬೇಡ. ಬೇಕಾದರೆ ಎಲೆಯ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೀರು ಹಾಕಿ ನೋಡಿ. ಅಲ್ಲಿ ಮಾತ್ರ ಹನಿ ಅಂಟಿ ಕೂರುತ್ತದೆ.

ಪ್ರಶ್ನೆ: ಕಾಳಿ ನದಿ ಸಮುದ್ರ ಸೇರುವಲ್ಲಿಂದ ತಂದ, ನೀರಿನಲ್ಲಿ ಬದುಕುವ ಒಂದೇ ಕೋಶದ ಪಾಚಿಗಳಾದ ಡಯಾಟಮ್‌ಗಳನ್ನು ಹೀಲಿಯಂ ಮೈಕ್ರೋಸ್ಕೋಪಿನಲ್ಲಿ ಜೀವಂತವಾಗಿ ನೋಡಬಹುದೇ ಮೇಡಂ?
— ಬಿ.ಎಸ್ಸಿ. ವಿದ್ಯಾರ್ಥಿ, ಕಾರವಾರ

ಉತ್ತರ: ಇಲ್ಲಪ್ಪ. ಒಳಗೆ ಗಾಳಿಯೇ ಇಲ್ಲ, ನೀರಿದ್ದದ್ದು ಆರಿ ಮುರುಟುತ್ತದೆ. ಜೀವಕೋಶವನ್ನು ಮೊದಲು ರಾಸಾಯನಿಕದಿಂದ ಗಟ್ಟಿಮಾಡಿ, ಹದವಾಗಿ ಒಣಗಿಸಬೇಕು. 2021ರಲ್ಲಿ ಜರ್ಮನಿಯ ಬೀಲೆಫೆಲ್ಡ್‌ನವರು ಕೊರೊನಾ ವೈರಸ್ ತಗುಲಿದ ಜೀವಕೋಶಗಳ ಚಿತ್ರ ತೆಗೆದದ್ದೂ ಹಾಗೆ ಸತ್ತ ಕೋಶಗಳದ್ದೇ. ಡಯಾಟಮ್ ಚಿಪ್ಪು ಗಾಜಿನಂಥದ್ದು, ಒಣಗಿದರೂ ಆಕಾರ ಕೆಡುವುದಿಲ್ಲ. ಅದರ ತೂತುಗಳ ಸಾಲು ನೋಡುವುದಕ್ಕೆ ಈ ಯಂತ್ರ ಬಹಳ ಒಳ್ಳೆಯದು.

ಜೀವಂತ ನೋಡಬೇಕೆಂದರೆ ನೀರು ತಂದ ದಿನವೇ ಒಂದು ಹನಿಯನ್ನು ಕಾಲೇಜಿನ ಸಾದಾ ಮೈಕ್ರೋಸ್ಕೋಪಿಗಿಡು. ಕೆಲವು ಡಯಾಟಮ್‌ಗಳು ಪಾತಿ ದೋಣಿಯ ಹಾಗೆ ಮುಂದೆ ಜಾರಿ, ನಿಂತು, ಹಿಂದೆ ಬರುತ್ತವೆ.