ಪ್ರತಿಕ್ರಿಯೆ: ಮತ್ತಿಗಿರಿಯ ಫಾರಂನಲ್ಲಿ ರೇಸ್ ಕುದುರೆ ಇದ್ದವೇ?

ಹೊಸೂರಿನ ಪಕ್ಕದ ಮತ್ತಿಗಿರಿಯ ಜಾನುವಾರು ಫಾರಂನಲ್ಲಿ ಬ್ರಿಟಿಷರು ರೇಸ್ ಕುದುರೆ ಸಾಕುತ್ತಿದ್ದರು ಎಂದು ನಿಮ್ಮ ತಾತ ಹೇಳಿದ್ದು ಅರ್ಧ ನಿಜ. ಕುದುರೆ ಹೌದು, ರೇಸ್ ಅಲ್ಲ. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು ಕಟ್ಟಿದ್ದು ಸೈನ್ಯಕ್ಕಾಗಿ. ಸತ್ತ, ಕುಂಟಾದ, ಮುದಿಯಾದ ಕುದುರೆಗಳ ಜಾಗಕ್ಕೆ ಹೊಸದನ್ನು ಒದಗಿಸುವ ಇಂಥ ಲಾಯಗಳಿಗೆ ರಿಮೌಂಟ್ ಡಿಪೋ ಎನ್ನುತ್ತಿದ್ದರು. ಮುಂದೆ ಆಸ್ಟ್ರೇಲಿಯಾದ ವೇಲರ್ ಕುದುರೆಗಳು ಹಡಗಿನಲ್ಲಿ ಮದ್ರಾಸಿಗೆ ಬಂದಿಳಿಯತೊಡಗಿದವು. ಇಲ್ಲಿಯೇ ಮರಿ ಹಾಕಿಸಿ ನಾಲ್ಕು ವರ್ಷ ಹುಲ್ಲು, ಹುರುಳಿ ತಿನ್ನಿಸುವುದಕ್ಕಿಂತ ಅದೇ ಸುಲಭ ತಾನೇ? ಈಗ ಅಲ್ಲಿರುವುದು ತಮಿಳುನಾಡು ಪಶುಸಂಗೋಪನಾ ಇಲಾಖೆ.

ನೀವು ಹುಡುಕುತ್ತಿರುವ ಥರೋಬ್ರೆಡ್, ಅಂದರೆ ರೇಸ್ ಕುದುರೆಯ, ಕಥೆ ಕುಣಿಗಲ್‌ನದು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಿದ ಜಾಗವೇ ಆಮೇಲೆ ರೇಸ್ ಕುದುರೆಗಳ ಫಾರಂ ಆಯಿತು. 1992ರಲ್ಲಿ ಸರ್ಕಾರ ಗುತ್ತಿಗೆಗೂ ಕೊಟ್ಟಿತು. ಹೆಸರು ಕೇಳಿ ಮೋಸಹೋಗಬೇಡಿ. ಥರೋಬ್ರೆಡ್ ಎಂದರೆ ಬರೀ ಒಳ್ಳೆಯ ಜಾತಿಯ ಕುದುರೆಯಲ್ಲ, ಅದೊಂದು ತಳಿಯ ಹೆಸರು. ಇಂಗ್ಲೆಂಡಿಗೆ ಬಂದ ಮೂರು ಬೀಜದ ಕುದುರೆಗಳವರೆಗೆ ಅದರ ವಂಶ ಹೋಗುತ್ತದೆ. 1791ರಿಂದ ಅದಕ್ಕೆ ವಂಶಾವಳಿಯ ಪುಸ್ತಕವಿದೆ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ಆ ಪುಸ್ತಕದಲ್ಲಿ ಇಂದಿಗೂ ಜಾಗವಿಲ್ಲ. ನಮ್ಮ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಮೂಲಾಗಿರುವುದನ್ನು ನೋಡಿದರೆ ಇದು ವಿಚಿತ್ರವೇ.

ನಮ್ಮ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಒಂದು ಲಾಳವಿದೆ, ಅಂಗೈಯಗಲ, ಅಂಚಿನಲ್ಲಿ ಏಳು ಮೊಳೆತೂತು. ಫಾರಂನದೇ ಎಂದು ಅಜ್ಜಿ ಹೇಳುತ್ತಿದ್ದರು. ಜಟಕಾದ್ದೂ ಇರಬಹುದು. ತಾತನ ಬಳಿ ಹಳೆಯ ಫೋಟೋ ಇದ್ದರೆ ದಯವಿಟ್ಟು ಹಾಕಿ.